ಶಾಲೆಯಂಗಳ: ಕಪಾಟಿನ ಬೀಗ ತೆರೆಯುವ ಕೈಗಳು



ಜ್ಯೇಷ್ಠ ಶುಕ್ಲ ಪಂಚಮಿ ನಮಗೆ ಶ್ರುತಪಂಚಮಿ. ಬಾಯಿಂದ ಬಾಯಿಗೆ ಬಂದ ಆಗಮಜ್ಞಾನ ತಮ್ಮ ಕಾಲಕ್ಕೇ ಅಳಿದುಹೋದೀತೆಂದು ಚಿಂತಿಸಿದ ಧರಸೇನಾಚಾರ್ಯರು, ಗಿರಿನಾರಿನ ಗುಹೆಯಲ್ಲಿ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಧಾರೆಯೆರೆದರು. ಆ ಶಿಷ್ಯರಿಂದ ಷಟ್ಖಂಡಾಗಮ ಗ್ರಂಥರೂಪ ತಾಳಿ ಪೂರ್ಣಗೊಂಡ ದಿನವೇ ಈ ಪರ್ವ. ಗುರುಗಳು ಒಬ್ಬರು, ವಿದ್ಯಾರ್ಥಿಗಳು ಇಬ್ಬರು. ಅಷ್ಟು ಚಿಕ್ಕ ತರಗತಿಯಿಂದ ಅಷ್ಟು ದೊಡ್ಡ ಶ್ರುತಸಂಪತ್ತು ಉಳಿಯಿತು.

ಶ್ರುತಪಂಚಮಿ ಬರುವ ಆಸುಪಾಸಿನಲ್ಲೇ ನಮ್ಮ ಗಡಿಭಾಗದ ಶಾಲೆಗಳೂ ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುತ್ತವೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕನ್ನಡ ಶಾಲೆಗಳ ಮಕ್ಕಳಿಗೆ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲೇ ಪಠ್ಯಪುಸ್ತಕ ಒದಗಿಸುತ್ತದೆ. ಕಾಸರಗೋಡಿನಲ್ಲಿಯೂ ಕನ್ನಡ ಮಾಧ್ಯಮದ ಶಾಲೆಗಳಿವೆ. ವಯನಾಡಿನ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಶಾಲೆಯ ಅಕ್ಷರ ಮಲಯಾಳ. ಎಲ್ಲೇ ಇದ್ದರೂ ಒಂದು ಮಾತು ಸಮಾನ: ಪಠ್ಯಪುಸ್ತಕ ಮುಚ್ಚಿದ ಮೇಲೆ ಮಗುವಿನ ಕಣ್ಣಿಗೆ ಕನ್ನಡ ಅಕ್ಷರ ಬೀಳುವುದು ಅಪರೂಪ. ಅಂಗಡಿಯ ಫಲಕ, ಬಸ್ಸಿನ ಫಲಕ, ಔಷಧದ ಚೀಟಿ ಎಲ್ಲವೂ ಬೇರೆ ಲಿಪಿಯಲ್ಲಿ. ಹೀಗಿರುವಾಗ ಅಜ್ಜಿ ಪಾರಾಯಣ ಮಾಡುತ್ತಿದ್ದ ಗ್ರಂಥವನ್ನು ಮೊಮ್ಮಗ ಪೂಜಿಸಬಲ್ಲನೇ ಹೊರತು ಓದಲಾರ.

ಈ ಕೊರತೆಯನ್ನು ತುಂಬುವ ಸಾಧನ ಶಾಲೆಯಲ್ಲೇ ಇದೆ. ಪ್ರತಿ ಶಾಲೆಯಲ್ಲೂ ಪತ್ರಿಕೆ, ಕಥೆಪುಸ್ತಕ ಸಹಿತವಾದ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಆದರೆ ಚಿಕ್ಕ ಶಾಲೆಗಳಲ್ಲಿ ಗ್ರಂಥಪಾಲಕರೆಂಬ ಪ್ರತ್ಯೇಕ ಸಿಬ್ಬಂದಿ ಇರುವುದು ವಿರಳ. ಪಾಠ, ಜನಗಣತಿ, ಚುನಾವಣೆಯ ಕೆಲಸ, ಮಧ್ಯಾಹ್ನದ ಊಟದ ಲೆಕ್ಕ, ಇವುಗಳ ಜೊತೆಗೆ ಕಪಾಟಿನ ಬೀಗದಕೈಯೂ ಶಿಕ್ಷಕರದೇ ಸೊಂಟದಲ್ಲಿ. ಒಂದು ಪುಸ್ತಕ ಕಳೆದರೂ ಲೆಕ್ಕ ಒಪ್ಪಿಸಬೇಕಾದವರು ಅವರೇ. ಆ ಅಂಜಿಕೆಯಿಂದ ಎಷ್ಟೋ ಕಡೆ ಕಪಾಟು ಮುಚ್ಚಿಯೇ ಇರುತ್ತದೆ. ಇಷ್ಟಾದರೂ ಶನಿವಾರದ ಕೊನೆಯ ಗಂಟೆಯಲ್ಲಿ ಬೀಗ ತೆಗೆದು, ಮಕ್ಕಳ ಹೆಸರು ಬರೆದುಕೊಂಡು, ‘ಹರಿಯದೆ ತಾರಪ್ಪಾ’ ಎಂದು ಪುಸ್ತಕ ಕೊಟ್ಟು ಕಳಿಸುವ ಶಿಕ್ಷಕ-ಶಿಕ್ಷಕಿಯರಿದ್ದಾರೆ. ಅಂಥವರು ಮಾಡುತ್ತಿರುವುದು ಶಾಸ್ತ್ರದಾನವೇ ಎಂದರೆ ಅತಿಶಯೋಕ್ತಿಯಾಗದು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ನಮ್ಮ ಮನೆಮನೆಯಲ್ಲೂ ಹೇಳುತ್ತೇವೆ. ಆಕೆ ಬರೆಯಿಸಿದ್ದು ಪೆಟ್ಟಿಗೆಯಲ್ಲಿಡಲಲ್ಲ, ಕೈಯಿಂದ ಕೈಗೆ ಸಾಗಲೆಂದು. ಕಾಸರಗೋಡಿನ ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಕವಿಗಳಾಗಿ ಪ್ರಸಿದ್ಧರು. ಆದರೆ ಅವರು ವೃತ್ತಿಯಲ್ಲಿ ಹೈಸ್ಕೂಲು ಮೇಷ್ಟ್ರು. ಗಡಿಯಲ್ಲಿ ಕನ್ನಡ ಉಳಿದದ್ದು ಸಭೆಗಳ ಘೋಷಣೆಯಿಂದ ಎಷ್ಟೋ, ಇಂಥ ಮೇಷ್ಟ್ರುಗಳ ತರಗತಿಯಿಂದಲೂ ಅಷ್ಟೇ.

ಹಾಗಾದರೆ ಶಿಕ್ಷಕರಿಗೆ ನಾವು ಸಲ್ಲಿಸುವ ಗೌರವ ಯಾವುದು? ಸೆಪ್ಟೆಂಬರ್ 5ರಂದು ಶಾಲು, ಹಾರ, ಫಲತಾಂಬೂಲ ಅರ್ಪಿಸುವುದು ಒಳ್ಳೆಯ ರೂಢಿ, ಅದು ನಡೆಯಲಿ. ಅದಕ್ಕಿಂತ ಮೊದಲು ನಾಲ್ಕಾರು ಪಾಲಕರು ಒಟ್ಟಾಗಿ ಮುಖ್ಯೋಪಾಧ್ಯಾಯರ ಬಳಿ ಹೋಗಿ, ‘ಕಪಾಟು ತೆರೆಯಿರಿ, ಕಳೆದ ಪುಸ್ತಕಕ್ಕೆ ಬದಲಿ ಪ್ರತಿ ನಾವು ತಂದುಕೊಡುತ್ತೇವೆ’ ಎಂದು ಹೇಳಿದರೆ ಅವರ ಎದೆಯ ಭಾರ ಅರ್ಧ ಇಳಿದೀತು. ಮನೆಯಲ್ಲಿ ನಾಮಕರಣ, ಉಪನಯನ, ವಿವಾಹ ನಡೆದಾಗ ಐದಾರು ಮಕ್ಕಳ ಪುಸ್ತಕಗಳನ್ನು ಶಾಲೆಗೆ ಕೊಡಬಹುದು. ಕಪಾಟಿನ ಧೂಳು ಒರೆಸುವ ಜವಾನರನ್ನೂ, ಊಟ ಬಡಿಸುವ ತಾಯಂದಿರನ್ನೂ ಆ ದಿನ ಹೆಸರು ಹಿಡಿದು ಕರೆದು ಕೈಮುಗಿಯೋಣ.

ಇನ್ನು ಮನೆಯ ಪಾಲಿನ ಕೆಲಸ. ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಶಾಸ್ತ್ರಕ್ಕೆ ಹೇಳಿದ ಈ ಕ್ರಮ ಕಥೆಪುಸ್ತಕಕ್ಕೂ ಒಪ್ಪುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಗು ಒಂದು ಪುಟ ಗಟ್ಟಿಯಾಗಿ ಓದಲಿ. ತಿಳಿಯದ ಪದವನ್ನು ಕೇಳಲಿ. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ನಾವು ಕೇಳಿ ಯೋಚನೆಗೆ ಹಚ್ಚೋಣ. ತೊಡಕಿದ ಸಾಲನ್ನು ಮತ್ತೊಮ್ಮೆ ಓದಲಿ. ಕೊನೆಗೆ ಆ ಕಥೆಯನ್ನು ತಮ್ಮನಿಗೋ ಅಜ್ಜಿಗೋ ತಾನೇ ಹೇಳಲಿ. ಕಾಲು ಗಂಟೆ ಸಾಕು. ವಯನಾಡಿನಂಥ ಕಡೆ, ಶಾಲೆಯಲ್ಲಿ ಕನ್ನಡ ಕಲಿಸದಿದ್ದರೆ, ಹಿರಿಯರೇ ವಾರಕ್ಕೆ ಎರಡು ದಿನ ಬಸದಿಯ ಜಗಲಿಯಲ್ಲಿ ಅಕ್ಷರಮಾಲೆ ಹಿಡಿದು ಕೂರಬಹುದು.

ಕೇರಳದ ಶಾಲೆಗಳಲ್ಲಿ ಜೂನ್ 19 ವಾಚನ ದಿನ. ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನವದು. ಮಹಾರಾಷ್ಟ್ರದಲ್ಲಿ ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15ನ್ನು 2015ರಿಂದ ವಾಚನ ಪ್ರೇರಣಾ ದಿನವೆಂದು ಆಚರಿಸುತ್ತಾರೆ. ಆ ದಿನಗಳಲ್ಲಿ ನಿಮ್ಮ ಮಗು ಕನ್ನಡದ ಪುಟವೊಂದನ್ನು ವೇದಿಕೆಯಲ್ಲಿ ಓದುವಂತಾಗಲಿ. ಅದಕ್ಕೆ ಸಿದ್ಧತೆ ಇಂದಿನಿಂದಲೇ ಆಗಬೇಕು.

ನಮ್ಮ ಊರಿನ ಶಾಲೆಯಲ್ಲಿ ಮಕ್ಕಳು ಕಡಿಮೆ ಎಂದು ನಿಟ್ಟುಸಿರಿಡುವವರು ಧರಸೇನಾಚಾರ್ಯರ ಇಬ್ಬರು ಶಿಷ್ಯರನ್ನು ನೆನೆಯಲಿ. ನಿಮ್ಮ ಶಾಲೆಯಲ್ಲಿ ಕಪಾಟು ತೆರೆದಿದೆಯೇ, ಬೀಗದಕೈ ಯಾರ ಬಳಿ ಇದೆ, ಮಕ್ಕಳು ಈ ತಿಂಗಳು ಏನು ಓದಿದರು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿರಿ. ಮಕ್ಕಳೇ ಬರೆದರೆ ಇನ್ನೂ ಸಂತೋಷ.