ಬಿಸಿನೀರಿಗೆ ಮುನ್ನ ಹರಿದುಹೋಗುವ ನೀರು

ಪುಣೆಯ ಮಾಗಿಯ ಚಳಿಯನ್ನು ನಮ್ಮ ಓದುಗರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಉಷ್ಣಮಾನವು 10 ಡಿಗ್ರಿಗಿಂತ ಕೆಳಗಿಳಿದ ಬೆಳಗಿನಲ್ಲಿ, ಶಾಲೆಯ ಗಂಟೆಗೆ ಇನ್ನು ಮುಕ್ಕಾಲು ತಾಸು ಮಾತ್ರ ಉಳಿದಿರುವಾಗ, ಬಚ್ಚಲಲ್ಲಿ ನಿಂತು ಬಿಸಿನೀರಿನ ನಳವನ್ನು ತಿರುವಿದರೆ ಮೊದಲು ಬರುವುದು ತಣ್ಣೀರೇ. ಕೈಯೊಡ್ಡಿ ನೋಡಿದರೆ ಇನ್ನೂ ತಣ್ಣಗೆ. ಮತ್ತೊಮ್ಮೆ ನೋಡಿದರೆ ಈಗ ತುಸು ಉಗುರುಬೆಚ್ಚಗೆ. ಅಷ್ಟು ಹೊತ್ತಿಗೆ ಅರ್ಧ ಬಾಲ್ದಿಯಷ್ಟು ಒಳ್ಳೆಯ ನೀರು ಮೋರಿಯ ಪಾಲಾಗಿರುತ್ತದೆ. ಇದನ್ನು ಯಾರೂ ಅಪವ್ಯಯವೆಂದು ಎಣಿಸುವುದಿಲ್ಲ. ಬಿಸಿನೀರು ಬರುವ ಕ್ರಮವೇ ಹಾಗೆಂದು ದೊಡ್ಡವರೂ ಚಿಕ್ಕವರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬಚ್ಚಲಿನ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಸತ್ಯ, ಶಿಸ್ತು, ಪರಿಶ್ರಮಗಳನ್ನು ಕುರಿತು ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಲೇಖನಗಳು ಮುಂದಿನ ಪುಟಗಳಲ್ಲಿಯೂ ಇವೆ. ಆದರೆ ತರಗತಿಯಲ್ಲಿ ಕಲಿತ ಕ್ಷೇತ್ರಗಣಿತ ಮತ್ತು ಪದಾರ್ಥವಿಜ್ಞಾನಗಳು ಮನೆಯ ನಳದ ಬಳಿಗೆ ಬಂದಾಗ ಮೂಕವಾಗುವುದಾದರೆ ಅವುಗಳನ್ನು ಕಲಿತುದರ ಫಲವೇನು? ಆದುದರಿಂದ ಈ ಸಣ್ಣ ವಿಷಯವನ್ನೇ ತುಸು ಅಳೆದು ನೋಡೋಣ.

ಬಿಸಿನೀರಿನ ಕೊಳವೆಯ ಒಳವ್ಯಾಸವು 20 ಮಿಲಿಮೀಟರ್ ಇದೆಯೆಂದು ಇಟ್ಟುಕೊಳ್ಳಿರಿ. ಅಂದರೆ ತ್ರಿಜ್ಯವು ಒಂದು ಸೆಂಟಿಮೀಟರು. ಸಿಲಿಂಡರಿನ ಘನಫಲದ ಸೂತ್ರವನ್ನು ಬಳಸಿದರೆ ಒಂದು ಮೀಟರ್ ಉದ್ದದ ಕೊಳವೆಯಲ್ಲಿ 314 ಘನ ಸೆಂಟಿಮೀಟರು, ಎಂದರೆ ಮೂರನೆಯ ಒಂದಂಶ ಲೀಟರಿಗೆ ಸ್ವಲ್ಪ ಕಡಿಮೆ ನೀರು ನಿಲ್ಲುತ್ತದೆ. ತಾರಸಿಯ ಮೇಲಿನ ತೊಟ್ಟಿಯಿಂದ ಕೆಳಗಿನ ಅಂತಸ್ತಿನ ಬಚ್ಚಲಿಗೆ ಕೊಳವೆಯ ಉದ್ದ 25 ಮೀಟರ್ ಆದರೆ, ಅದರೊಳಗೆ ರಾತ್ರಿಯೆಲ್ಲ ನಿಂತು ತಣ್ಣಗಾದ ನೀರು ಹೆಚ್ಚು ಕಡಿಮೆ 8 ಲೀಟರು. ಅದು ಹೊರಬಿದ್ದ ಮೇಲೂ ಮುಂದಿನ ನೀರಿನ ಬಿಸಿಯನ್ನು ಕೊಳವೆಯ ಗೋಡೆಯೇ ಮೊದಲು ಹೀರಿಕೊಳ್ಳುವುದರಿಂದ ಒಟ್ಟು 10 ಲೀಟರು ಹೋಯಿತೆನ್ನಬಹುದು. ನಿಮಿಷಕ್ಕೆ 6 ಲೀಟರು ಸುರಿಯುವ ನಳದಲ್ಲಿ ಇದಕ್ಕೆ ಹಿಡಿಯುವ ಕಾಲ ಒಂದು ನಿಮಿಷ ನಲವತ್ತು ಸೆಕೆಂಡು. ಒಂದು ಮನೆಯಲ್ಲಿ ದಿನಕ್ಕೆ ಎರಡು ಬಾರಿ ಹೀಗಾದರೆ 20 ಲೀಟರು. ಪ್ರತಿ ಮನೆಗೂ ಬೇರೆ ಕೊಳವೆಯಿರುವ, 16 ಮನೆಗಳ ಕಟ್ಟಡದಲ್ಲಿ 320 ಲೀಟರು. ಒಂದು ತಿಂಗಳ ಲೆಕ್ಕ ಹಾಕಿದರೆ ಸುಮಾರು 10,000 ಲೀಟರು, ಅಂದರೆ ಬೇಸಗೆಯಲ್ಲಿ ಹಣ ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರು, ಯಾರ ಮೈಯನ್ನೂ ತೊಳೆಯದೆ, ಯಾರ ಬಾಯಾರಿಕೆಯನ್ನೂ ತಣಿಸದೆ ಚರಂಡಿ ಸೇರಿತು.

ಈ ನೀರಾದರೂ ಎಲ್ಲಿಂದ ಬಂದುದು? ಪಾನಶೇತ್, ವರಸಗಾಂವ್, ಟೇಮ್‌ಘರ್ ಅಣೆಕಟ್ಟುಗಳಿಂದ ಖಡಕ್‌ವಾಸ್ಲಾಕ್ಕೆ ಇಳಿದು, ಅಲ್ಲಿಂದ ಶುದ್ಧೀಕರಣಗೊಂಡು, ಪಂಪುಗಳಿಂದ ಮೇಲಕ್ಕೆ ತಳ್ಳಲ್ಪಟ್ಟು ನಮ್ಮ ತಾರಸಿಯನ್ನು ಏರಿದುದು. 1961ರ ಜುಲೈ 12ರಂದು ಪಾನಶೇತ್ ಒಡೆದು, ಅದರ ಹೊಡೆತಕ್ಕೆ ಖಡಕ್‌ವಾಸ್ಲಾ ಕೂಡ ಬಿರಿದ ಬಳಿಕ ನಗರವು ಮೊದಲು ಪ್ರವಾಹಕ್ಕೂ ಅನಂತರ ನೀರಿನ ಅಭಾವಕ್ಕೂ ತುತ್ತಾದುದನ್ನು ಇಲ್ಲಿನ ಹಳೆಯ ಮನೆತನಗಳವರು ಇನ್ನೂ ಹೇಳುತ್ತಾರೆ. ಅಂಥ ನಗರದಲ್ಲಿ ನೀರಿನ ವಿಷಯಕ್ಕೆ ಸಣ್ಣದು ದೊಡ್ಡದೆಂಬ ಭೇದ ಸಲ್ಲದು.

ನಮ್ಮ ಹಿರಿಯರ ಮನೆಗಳಲ್ಲಿ ಈ ತೊಡಕು ಇರಲಿಲ್ಲ. ಏಕೆಂದರೆ ಅಲ್ಲಿ ಕೊಳವೆಯೇ ಇರಲಿಲ್ಲ! ಬಚ್ಚಲಮನೆಯ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಸ್ನಾನಕ್ಕೆ ಕುಳಿತವರ ಕೈಗೆಟಕುವಷ್ಟು ಸಮೀಪದಲ್ಲಿ ಬಿಸಿನೀರು. ತಂಬಿಗೆಯಿಂದ ತೋಡಿಕೊಂಡರೆ ಮುಗಿಯಿತು. ನರಕ ಚತುರ್ದಶಿಯ ಮುನ್ನಾದಿನ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ಹೊಸನೀರು ತುಂಬಿ ಪೂಜಿಸುವ ‘ನೀರು ತುಂಬುವ ಹಬ್ಬ’ವು ನಮ್ಮವರಲ್ಲಿ ಬಂದುದು ಸುಮ್ಮನೆ ಅಲ್ಲ. ಪುಣೆಯ ಹಳೆಯ ವಾಡೆಗಳಲ್ಲಿಯೂ ನಡುವೆ ಕೆಂಡ, ಸುತ್ತ ನೀರು ಇರುವ ತಾಮ್ರದ ಬಂಬು ಇತ್ತು. ಹೊಗೆ ಮತ್ತು ಸೌದೆಯ ಖರ್ಚು ಅವುಗಳ ದೋಷಗಳೆಂಬುದು ನಿಜ. ಬೆಳಕು ಹರಿಯುವ ಮುನ್ನವೇ ಎದ್ದು ಆ ಒಲೆಯನ್ನು ಊದುತ್ತಿದ್ದ ತಾಯಂದಿರ ಕಣ್ಣುಗಳನ್ನು ನೆನೆದರೆ ಹಳೆಯದೆಲ್ಲ ಹೊನ್ನೆಂದು ಹೊಗಳಲು ನಮಗೆ ಮನಸ್ಸು ಬಾರದು. ಆದರೂ ಕಾಯಿಸುವ ಸ್ಥಳವೂ ಬಳಸುವ ಸ್ಥಳವೂ ಒಂದೇ ಆಗಿದ್ದ ಆ ಏರ್ಪಾಟಿನಲ್ಲಿ ಒಂದು ವಿವೇಕವಿತ್ತು.

ಈಗ ಸೌರ ಜಲತಾಪಕಗಳು ತಾರಸಿಯನ್ನು ಏರಿವೆ. ಬಿಸಿಲಿನ ಬೆಲೆಯನ್ನು ಯಾರಿಗೂ ಕೊಡಬೇಕಾಗಿಲ್ಲವಾದುದರಿಂದ ಅವು ಬಂದುದು ಒಳ್ಳೆಯದೇ ಆಯಿತು. ಆದರೆ ಬಿಸಿನೀರು ಮೇಲೆ, ನಾವು ಕೆಳಗೆ. ನಡುವಣ ಈ ದೂರವನ್ನು ನಿವಾರಿಸಲು ಕಂಡುಹಿಡಿದ ಉಪಾಯವೇ ಮರುಪರಿಚಲನೆಯ ಪಂಪು. ದೊಡ್ಡ ಹೋಟೆಲುಗಳಲ್ಲಿ ಇದು ಬಹುಕಾಲದಿಂದ ಇದೆ. ತಾಪಕವನ್ನು ನೆಲಮಾಳಿಗೆಯಲ್ಲೋ ಮೋಟಾರು ನಿಲ್ಲಿಸುವ ಕೋಣೆಯಲ್ಲೋ ಇಡುವ ಅಮೆರಿಕದ ವಿಸ್ತಾರವಾದ ಮನೆಗಳಲ್ಲಿಯೂ ಇದರ ಬಳಕೆಯುಂಟು. ಕೊನೆಯ ನಳದ ಬಳಿಯಿಂದ ಇನ್ನೊಂದು ಕೊಳವೆಯು ತೊಟ್ಟಿಗೆ ಹಿಂದಿರುಗುತ್ತದೆ. ಚಿಕ್ಕದೊಂದು ಪಂಪು ತಣ್ಣಗಾದ ನೀರನ್ನು ಈ ಹಾದಿಯಿಂದ ತೊಟ್ಟಿಗೆ ಮರಳಿಸಿ ಬಿಸಿನೀರನ್ನು ನಳದ ಬಾಯಿಯವರೆಗೆ ತಂದು ನಿಲ್ಲಿಸುತ್ತದೆ. ಹನಿ ನೀರೂ ಪೋಲಾಗುವುದಿಲ್ಲ. ನೀರು ಹಿಮ್ಮುಖವಾಗಿ ನುಗ್ಗದಂತೆ ಒಂದೇ ದಿಕ್ಕಿಗೆ ತೆರೆಯುವ ಕವಾಟವನ್ನು ಕೂಡಿಸಿರುತ್ತಾರೆ.

ಬಿಸಿನೀರು ಹಗುರಾಗಿ ತಾನೇ ಮೇಲೇರುವುದಲ್ಲ, ಪಂಪು ಏತಕ್ಕೆಂದು ಒಂಬತ್ತನೆಯ ತರಗತಿಯ ಜಾಣ ವಿದ್ಯಾರ್ಥಿಯು ಕೇಳಿಯಾನು. ಪ್ರಶ್ನೆ ಯೋಗ್ಯವಾದುದೇ. ತಾಪಕವು ಕೆಳಗಿದ್ದು ನಳಗಳು ಮೇಲಿರುವ ಮನೆಗಳಲ್ಲಿ ಈ ಗುಣದಿಂದಲೇ ನೀರು ಸುತ್ತುವಂತೆ ಮಾಡಬಹುದು. ನಮ್ಮ ತಾರಸಿಯ ಸೌರಫಲಕದಿಂದ ಅದರ ಮೇಲಿನ ತೊಟ್ಟಿಗೆ ನೀರು ಏರುವುದೂ ಹೀಗೆಯೇ. ಆದರೆ ತೊಟ್ಟಿಯು ಎಲ್ಲಕ್ಕಿಂತ ಮೇಲಿದ್ದರೆ ಹಗುರಾದ ನೀರು ಅಲ್ಲಿಯೇ ನೆಮ್ಮದಿಯಾಗಿ ಕುಳಿತಿರುತ್ತದೆ. ಕೆಳಗಿಳಿಯಲು ಅದಕ್ಕೆ ಕಾರಣವೇ ಇಲ್ಲ.

ಇಷ್ಟಾದ ಮೇಲೆ ಪಂಪನ್ನು ತರಿಸಿಬಿಡೋಣವೆಂದು ತೋರುವುದು ಸಹಜ. ಇಲ್ಲಿ ನಮ್ಮ ಆಕ್ಷೇಪವಿದೆ. ಪಂಪನ್ನು ಮಾರುವವರು ಅದು ತಿನ್ನುವ ವಿದ್ಯುಚ್ಛಕ್ತಿ ಬಲು ಸ್ವಲ್ಪವೆಂದು ಹೇಳುತ್ತಾರೆ. 30 ವ್ಯಾಟಿನ ಪಂಪು ಹಗಲಿರುಳು ತಿರುಗಿದರೆ ದಿನಕ್ಕೆ ಮುಕ್ಕಾಲು ಯೂನಿಟ್ಟಿಗೂ ಕಡಿಮೆ, ವರ್ಷಕ್ಕೆ ಸುಮಾರು 263 ಯೂನಿಟ್ಟು. ಇದು ಸಣ್ಣ ಭಾಗ. ದೊಡ್ಡ ಭಾಗವನ್ನು ಅವರು ಹೇಳುವುದಿಲ್ಲ. ಹೊದಿಕೆಯಿಲ್ಲದ ಲೋಹದ ಕೊಳವೆಯಲ್ಲಿ ಬಿಸಿನೀರು ಸದಾ ಹರಿಯುತ್ತಿದ್ದರೆ ಚಳಿಗಾಲದ ಗಾಳಿಗೆ ಪ್ರತಿ ಮೀಟರಿನಿಂದಲೂ 20ರಿಂದ 30 ವ್ಯಾಟಿನಷ್ಟು ಶಾಖವು ಸೋರಿಹೋಗುತ್ತದೆ. ಹೋಗುವ ಕೊಳವೆ 25 ಮೀಟರು, ಬರುವ ಕೊಳವೆ 25 ಮೀಟರು. ಒಟ್ಟು 50 ಮೀಟರಿಗೆ ಸಾವಿರ ವ್ಯಾಟಿಗೂ ಮೇಲಾಯಿತು. ಒಂದು ವಿದ್ಯುತ್ ಒಲೆಯನ್ನು ರಾತ್ರಿಯಿಡೀ ಹೊತ್ತಿಸಿಟ್ಟು ಗೋಡೆಯನ್ನು ಕಾಯಿಸಿದಂತೆ! ಎಂಟು ತಾಸಿನಲ್ಲಿ ಸುಮಾರು 10 ಯೂನಿಟ್ಟಿಗೆ ಸಮನಾದ ಶಾಖವು ಹೀಗೆ ವ್ಯರ್ಥವಾದರೆ 1,000 ಲೀಟರಿನ ತೊಟ್ಟಿಯ ನೀರು 8 ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ಮನೆಯೊಂದರ 200 ಲೀಟರಿನ ತೊಟ್ಟಿಯಾದರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಬಿಸಿ ಹೋಗಿಯೇಬಿಟ್ಟಿರುತ್ತದೆ. ಹಗಲೆಲ್ಲ ಸೂರ್ಯನು ಕೊಟ್ಟುದನ್ನು ಇರುಳೆಲ್ಲ ಪಂಪು ಕಳೆದು, ಬೆಳಗಿನಲ್ಲಿ ತೊಟ್ಟಿಯೊಳಗಿನ ವಿದ್ಯುತ್ ಸುರುಳಿಯನ್ನು ಹಚ್ಚಬೇಕಾಗಿ ಬರುವುದು ಎಂಥ ಮಿತವ್ಯಯ? ನೀರನ್ನು ಉಳಿಸಲು ಹೋಗಿ ಬೆಂಕಿಯನ್ನು ಸುರಿದಂತಾಯಿತು.

ಆದುದರಿಂದ ಸದಾ ತಿರುಗುವ ಪಂಪು ಮನೆಗಳಿಗೆ ತಕ್ಕುದಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಬೆಳಿಗ್ಗೆ ಒಂದೆರಡು ತಾಸು ಮಾತ್ರ ಓಡುವಂತೆ ಗಡಿಯಾರವನ್ನು ಜೋಡಿಸಿದುದು ಅದಕ್ಕಿಂತ ಮೇಲು. ಎಲ್ಲಕ್ಕೂ ಉತ್ತಮವಾದುದು ಗುಂಡಿಯನ್ನು ಒತ್ತಿದಾಗ ಮಾತ್ರ ಓಡಿ, ನಳದ ಬಳಿ ನೀರು ಬೆಚ್ಚಗಾದೊಡನೆ ತಾನೇ ನಿಲ್ಲುವ ಬಗೆ. ದಿನಕ್ಕೆ ನಾಲ್ಕು ಬಾರಿ ಎರಡೆರಡು ನಿಮಿಷ ಓಡಿದರೂ ಅದು ಬಳಸುವ ವಿದ್ಯುತ್ತು ಯೂನಿಟ್ಟಿನ ಇನ್ನೂರೈವತ್ತನೆಯ ಒಂದು ಅಂಶ. ಸ್ನಾನಕ್ಕೆ ಹೋಗುವವನು ಪಂಚೆ ಟವೆಲುಗಳನ್ನು ಹುಡುಕಿಕೊಳ್ಳುವಷ್ಟರಲ್ಲಿ ನೀರು ಸಿದ್ಧವಾಗಿರುತ್ತದೆ. ಆದರೆ ಇದೂ ಉಳಿಸುವುದು ನೀರನ್ನು ಮಾತ್ರ. ಸ್ನಾನವಾದ ಮೇಲೆ ಕೊಳವೆಯಲ್ಲಿ ಉಳಿದ 8 ಲೀಟರು ಬಿಸಿನೀರು ಮತ್ತೆ ತಣ್ಣಗಾಗುವುದನ್ನು ಯಾವ ಪಂಪೂ ತಡೆಯಲಾರದು. ಅದನ್ನು ತಡಮಾಡುವುದು ಕೊಳವೆಗೆ ಸುತ್ತುವ ರಬ್ಬರಿನ ನೊರೆಯ ಹೊದಿಕೆ. ಅಗ್ಗವಾದುದೂ ಸದ್ದಿಲ್ಲದುದೂ ಆದ ಈ ವಸ್ತುವನ್ನು ಯಾರೂ ಹೊಗಳುವುದಿಲ್ಲ.

ಹಿಂದಿರುಗುವ ಕೊಳವೆಯಿಲ್ಲದ ಹಳೆಯ ಮನೆಗಳಿಗಾಗಿ ತಣ್ಣೀರಿನ ಕೊಳವೆಯನ್ನೇ ಹಿಂದಿರುಗುವ ದಾರಿಯನ್ನಾಗಿ ಮಾಡುವ ಕವಾಟವೂ ದೊರೆಯುತ್ತದೆ. ಆಗ ತಣ್ಣೀರಿನ ನಳದಲ್ಲಿ ಕೆಲಹೊತ್ತು ಉಗುರುಬೆಚ್ಚನೆಯ ನೀರು ಬರುವುದು. ಕುಡಿಯಲೂ ಅಡಿಗೆಗೂ ಅದೇ ನಳವನ್ನು ಬಳಸುವ ನಮ್ಮ ಮನೆಗಳಿಗೆ ಇದು ಹೇಳಿಸಿದ್ದಲ್ಲ.

ಇನ್ನು ನ್ಯಾಯದ ಪ್ರಶ್ನೆಯೊಂದಿದೆ. ಸೌರತೊಟ್ಟಿಯನ್ನು ಎಲ್ಲ ಮನೆಯವರೂ ಸಮನಾಗಿ ಹಣ ಹಾಕಿ ಕೊಳ್ಳುತ್ತಾರೆ. ಆದರೆ ಮೇಲಂತಸ್ತಿನವರಿಗೆ ನಳ ತಿರುವಿದೊಡನೆ ಬಿಸಿನೀರು. ಕೆಳಂತಸ್ತಿನವರಿಗೆ ಕೊಳವೆಯ ತಣ್ಣೀರು. ಪಂಪನ್ನು ಕೂಡಿಸೋಣವೆಂಬ ಮಾತು ಸಭೆಗೆ ಬಂದರೆ, ನಮಗೆ ಬೇಡವಾದುದಕ್ಕೆ ನಾವೇಕೆ ಹಣ ಕೊಡಬೇಕೆಂದು ಮೇಲಿನವರು ಎದ್ದುನಿಲ್ಲುತ್ತಾರೆ. ಲಿಫ್ಟಿನ ಖರ್ಚಿನ ದಿನ ಇದೇ ವಾದವನ್ನು ಕೆಳಗಿನವರು ಹೂಡಿದರೆ ಮಾತ್ರ ಅವರಿಗೆ ಕೋಪ ಬರುವುದು! ಒಂದು ಛಾವಣಿಯ ಕೆಳಗೆ ಬಾಳುವವರು ದೂರದ ಭಾರವನ್ನು ಹಂಚಿಕೊಳ್ಳದಿದ್ದರೆ ಸಹಕಾರಿ ಸಂಘವೆಂಬ ಹೆಸರನ್ನು ಫಲಕದ ಮೇಲೆ ಬರೆಸಿ ಪ್ರಯೋಜನವೇನು?

ಬಿಸಿನೀರು ಬೇಗ ಬರಲೆಂಬ ಆತುರವು ಪ್ರಾಣಕ್ಕೆ ಎರವಾಗುವ ಬಗೆಯೂ ಒಂದುಂಟು. ಗ್ಯಾಸಿನ ಗೀಸರು ಕ್ಷಣಾರ್ಧದಲ್ಲಿ ನೀರನ್ನು ಕಾಯಿಸುತ್ತದೆಂಬುದು ನಿಜ. ಆದರೆ ಕಿಟಕಿಯಿಲ್ಲದ ಬಚ್ಚಲೊಳಗೆ ಅದನ್ನು ಉರಿಸಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇದನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಎದ್ದು ಚಿಲಕ ತೆಗೆಯುವ ಶಕ್ತಿ ಉಳಿದಿರುವುದಿಲ್ಲ. ಹೀಗೆ ಪ್ರಾಣ ಕಳೆದುಕೊಂಡವರ ಸುದ್ದಿಯು ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಂಥ ಗೀಸರು ಇರುವ ಮನೆಯ ಮಕ್ಕಳು ಈ ಪುಟವನ್ನು ತಮ್ಮ ತಂದೆತಾಯಿಗಳಿಗೆ ಇಂದೇ ಓದಿ ಹೇಳಬೇಕು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವೆಡೆಯಲ್ಲಿ ಇಡಿಸುವವರೆಗೆ ಬಿಡಬಾರದು.

ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಗೀಸರೂ ಇಲ್ಲ, ಸೌರತೊಟ್ಟಿಯೂ ಇಲ್ಲವೆಂಬುದನ್ನು ನಾವು ಬಲ್ಲೆವು. ಸ್ಟೌವಿನ ಮೇಲೆ ಪಾತ್ರೆಯಿಟ್ಟು ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿ ಮೀಯುವ ಅವರ ಮನೆಯಲ್ಲಿ ಒಂದು ತಂಬಿಗೆಯೂ ಪೋಲಾಗದು. ನೀರಿನ ಟ್ಯಾಂಕರು ಬಂದಾಗ ಕೊಡಗಳನ್ನು ಹಿಡಿದು ಸಾಲಿನಲ್ಲಿ ನಿಲ್ಲುವವರೂ ಅವರೇ. ಪಂಪು ಕೊಳ್ಳಬಲ್ಲವರ ಮನೆಯ ಮೋರಿಗೆ ಹರಿಯುವುದು ಅವರ ಪಾಲಿನ ನೀರು ಕೂಡ ಆಗಿದೆ.

ಪಂಪಿಗೆ ಹಣವಿಲ್ಲದಿದ್ದರೂ, ಸಂಘದ ಸಭೆಯಲ್ಲಿ ಒಮ್ಮತ ಬಾರದಿದ್ದರೂ, ನಾಳೆಯಿಂದಲೇ ಮಾಡಬಹುದಾದ ಕೆಲಸವೊಂದಿದೆ. ನಳದ ಕೆಳಗೆ ಎರಡನೆಯ ಬಾಲ್ದಿಯೊಂದನ್ನು ಇಡಿರಿ. ಮೊದಲು ಬರುವ ತಣ್ಣೀರು ಅದರಲ್ಲಿ ತುಂಬಲಿ. ಅನಂತರದ ಸುಡುನೀರಿಗೆ ಬೆರೆಸಿಕೊಳ್ಳಲು ಹೇಗೂ ತಣ್ಣೀರು ಬೇಕಷ್ಟೆ. ಮಿಕ್ಕುದು ಬಟ್ಟೆ ಒಗೆಯಲು, ನೆಲ ಒರೆಸಲು, ತುಳಸಿಗೆ. ಬಾಲ್ದಿಯನ್ನು ಇಡುವ ಮೊದಲ ದಿನ ಗಡಿಯಾರವನ್ನೂ ಒಂದು ಲೀಟರಿನ ಅಳತೆಯ ಪಾತ್ರೆಯನ್ನೂ ಬಳಿಯಲ್ಲಿಟ್ಟುಕೊಂಡು, ನಿಮ್ಮ ಕೊಳವೆಯ ಉದ್ದವೆಷ್ಟೆಂಬುದನ್ನು ಗೋಡೆಯನ್ನು ಅಗೆಯದೆಯೇ ಕಂಡುಹಿಡಿಯಲು ಯತ್ನಿಸಿರಿ. ಲೆಕ್ಕವನ್ನು ಬಿಡಿಸಿದವರು ಅದನ್ನು ವಿಜ್ಞಾನದ ಗುರುಗಳಿಗೆ ತೋರಿಸಬಹುದು.