ಬಸವನಹುಳುವಿನ ದೂರು ಯಾರ ಕಿವಿಗೆ?

ಹೆಣ್ಣು ಬಸವನಹುಳುವಿಗೆ ಗಂಡಿನ ಅಂಗ ಮೂಡಿತಂತೆ ಎಂದರೆ ಹೋಟೆಲಿನ ಬೆಂಚಿನ ಮೇಲೆ ಕೂತವರೆಲ್ಲ ನಕ್ಕಾರು. ನಗಿ, ಬೇಡ ಅನ್ನೋದಿಲ್ಲ. ಕತೆ ಪೂರ್ತಿ ಕೇಳಿ ಆಮೇಲೆ ನಗಿ ಸ್ವಾಮಿ.

1970ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಕರಾವಳಿಯ ಸಮುದ್ರ ಬಸವನಹುಳುಗಳಲ್ಲಿ ಬ್ಲೇಬರ್ ಎಂಬ ವಿಜ್ಞಾನಿ ಈ ವಿಚಿತ್ರವನ್ನು ಕಂಡರು. ಕಾರಣ ಹೊರಬಿದ್ದದ್ದು ಹತ್ತು ವರ್ಷ ಕಳೆದ ಮೇಲೆ. ಪಾಚಿ, ಚಿಪ್ಪು ಮೆತ್ತದಿರಲೆಂದು ದೋಣಿ-ಹಡಗುಗಳ ತಳಕ್ಕೆ ಬಳಿಯುತ್ತಿದ್ದ ಬಣ್ಣದಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ವಿಷವಿತ್ತು. ಲೀಟರ್ ನೀರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಬಿದ್ದರೂ ಸಾಕು, ಹುಳುವಿನ ಒಳಗಿನ ಹಾರ್ಮೋನು ವ್ಯವಹಾರವೇ ತಲೆಕೆಳಗು! ವಿಷ ಹೆಚ್ಚಾದರೆ ಹೊಸ ಅಂಗ ಬೆಳೆದು ಮೊಟ್ಟೆ ಬರುವ ದಾರಿಯನ್ನೇ ಮುಚ್ಚುತ್ತದೆ. ಮೊಟ್ಟೆ ಒಳಗೇ ಉಳಿದು ತಾಯಿ ಸಾಯುತ್ತದೆ. ಇದರ ಮರಿಗಳು ನೀರಿನಲ್ಲಿ ತೇಲಿಕೊಂಡು ಬೇರೆ ಕಡೆಗೆ ಹೋಗುವ ಜಾತಿಯಲ್ಲ. ಹಾಗಾಗಿ ಒಂದು ಬಂಡೆಯ ಮೇಲೆ ವಂಶ ನಿಂತಿತೆಂದರೆ ಬೇಗನೆ ಮತ್ತೆ ತುಂಬುವುದಿಲ್ಲ.

ಸಮುದ್ರದ ಮಾತಾಯಿತು, ಸಿಹಿನೀರಿಗೇನು ಎನ್ನಬೇಡಿ. ಸಿಹಿನೀರಿನ ಹುಳುಗಳಲ್ಲೂ ಪ್ರಯೋಗಶಾಲೆಯಲ್ಲಿ ಇದೇ ಲಕ್ಷಣ ಮೂಡಿದೆ. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಸಿಹಿನೀರ ಸರೋವರಗಳಲ್ಲಿ ವಿಹಾರದ ದೋಣಿಗಳೂ ಈ ಬಣ್ಣ ಬಳಿದುಕೊಂಡೇ ಓಡಾಡಿದವು. ನೀರುಗಿಡಗಳ ಮೇಲಿನ ಪಾಚಿ ಮೇಯುವ ಹುಳುಗಳು ವಿಷಕ್ಕೆ ಸತ್ತು, ಗಿಡಗಳೂ ಹೋಗಿ, ತಿಳಿನೀರು ಹಸಿರು ರಾಡಿಯಾಗುವುದಕ್ಕೆ ಈ ಬಣ್ಣವೂ ಕಾರಣವೆಂದು 2006ರಲ್ಲಿ ವಿಜ್ಞಾನಿಗಳು ಬೆರಳು ತೋರಿದರು.

ಬಣ್ಣದಿಂದ ಉಪಯೋಗವೇ ಇರಲಿಲ್ಲವೆಂದಲ್ಲ. ತಳ ನಯವಾಗಿದ್ದರೆ ಹಡಗಿಗೆ ಎಣ್ಣೆ ಉಳಿತಾಯ. ಆದರೆ ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂದಾದಾಗ ಸರಕಾರ ಯಾವಾಗ ಎಚ್ಚರಗೊಳ್ಳುತ್ತೆ ನೋಡಿ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಹೊಟ್ಟೆಗೇ ಕಲ್ಲು ಬಿದ್ದ ಮೇಲೆ, 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ನಿಷೇಧವಾಯಿತು. ಬ್ರಿಟನ್ನಿಗೆ ಬುದ್ಧಿ ಬಂದದ್ದು 1987ರಲ್ಲಿ. ದೊಡ್ಡ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಹುಳು ದೂರು ಕೊಟ್ಟು ಆಗಲೇ 38 ವರ್ಷ!

ಇದೆಲ್ಲ ಬಿಳಿಯರ ಊರಿನ ಸಮಾಚಾರ ಅಂತೀರೋ? ನಮ್ಮ ಪಕ್ಕದ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1999ರಲ್ಲೇ ಭಾರತದ ಸಮುದ್ರದ ಹುಳುವಿನಲ್ಲೂ ಇದನ್ನು ಕಂಡು ಬರೆದಿಟ್ಟಿದ್ದಾರೆ. ಬಣ್ಣ ನಿಂತರೂ ವಿಷ ಬಂದರುಗಳ ತಳದ ಕೆಸರಿನಲ್ಲಿ ವರ್ಷಗಟ್ಟಲೆ ಅಡಗಿ ಕೂರುತ್ತೆ. ಕೆಸರು ಕೆದಕಿದರೆ ಮತ್ತೆ ನೀರಿಗೆ ಬರುತ್ತೆ.

ನಮ್ಮ ವಾದ ಇಷ್ಟೇ. ಬಾಟ್ಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕಳಿಸಿದರೆ ಸಾಲದು. ಆ ನೀರಿನಲ್ಲಿ ಬದುಕುವ ಹುಳು, ಚಿಪ್ಪುಗಳನ್ನೂ ವರ್ಷಕ್ಕೊಮ್ಮೆ ಎಣಿಸಿ, ಬಿಡಿಸಿ ನೋಡಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಕಲಿತ ಮಕ್ಕಳಿದ್ದಾರೆ. ಈ ಕೆಲಸ ಅವರಿಗೆ ವಹಿಸಲಿ. ಖರ್ಚು ಕಡಿಮೆ, ಕಣ್ಣಿದ್ದರೆ ಸಾಕು.

ನಿಷೇಧದ ನಂತರ ಇಂಗ್ಲೆಂಡಿನ ಎಷ್ಟೋ ಬಂಡೆಗಳಿಗೆ ಹುಳುಗಳು ಮರಳಿವೆ. ಅಂದರೆ ಮದ್ದಿದೆ. ರೋಗಿ ಬಾಯಿಬಿಟ್ಟ ದಿನವೇ ವೈದ್ಯ ಕಿವಿಗೊಡಬೇಕು, ಅಷ್ಟೆ. ಈಗ ನಗುವುದಿದ್ದರೆ ನಗಿ.