ವಿಮಾನದಿಂದಿಳಿದ ಮೇಲೆ

ಪರದೇಶ ಪ್ರವಾಸದ ವರ್ಣನೆಗಳನ್ನು ಓದುವಾಗಲೆಲ್ಲ ನನಗೊಂದು ಸಂಶಯ ಬರುತ್ತದೆ. ಲೇಖಕರು ವಿಮಾನವನ್ನೇರುವುದಕ್ಕೆ ಒಂದು ಪುಟ ಕೊಡುತ್ತಾರೆ. ಮೋಡಗಳ ಮೇಲಿನ ಸೂರ್ಯೋದಯಕ್ಕೆ ಇನ್ನೊಂದು ಪುಟ. ಮುಂದಿನ ಅಧ್ಯಾಯವನ್ನು ತೆರೆದರೆ ಅವರು ಆಗಲೇ ಹೋಟೆಲಿನ ಕಿಟಕಿಯ ಬಳಿ ಕುಳಿತು ಕಾಫಿ ಕುಡಿಯುತ್ತ ಊರನ್ನು ನೋಡುತ್ತಿರುತ್ತಾರೆ. ನಡುವಿನ ಇಪ್ಪತ್ತು ಮೂವತ್ತು ಕಿಲೋಮೀಟರು ಎಲ್ಲಿ ಹೋಯಿತು? ಅಲ್ಲಿ ಅವರನ್ನು ಕರೆದೊಯ್ದವರು ಯಾರು, ತೆತ್ತದ್ದೆಷ್ಟು, ಹೆದರಿದ್ದೆಷ್ಟು ಎಂಬುದನ್ನು ಒಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಮಟ್ಟಿಗೆ ಪರದೇಶವೆಂದರೆ ಆ ಮೂವತ್ತು ಕಿಲೋಮೀಟರೇ. ವಿಮಾನದಲ್ಲಿ ನಾವು ಪರದೇಶದಲ್ಲಿರುವುದಿಲ್ಲ. ಕೂಡಿಸಿ, ನಡುಪಟ್ಟಿ ಬಿಗಿದು, ಉಣ್ಣಿಸಿ, ದೀಪವಾರಿಸಿ ಮಲಗಿಸುತ್ತಾರೆ, ತೊಟ್ಟಿಲ ಕೂಸಿನಂತೆ. ಹೋಟೆಲಿನ ಕೋಣೆಯೂ ಪರದೇಶವಲ್ಲ. ಬಿಳಿಯ ಹಾಸು, ಬೀಗದ ಕೈ, ಬಿಸಿನೀರು, ಎಲ್ಲೆಡೆಯೂ ಒಂದೇ ಜಾತಿ. ಇವೆರಡರ ನಡುವೆ, ಗಾಜಿನ ಬಾಗಿಲು ತಾನಾಗಿ ತೆರೆದು ನಾವು ಹೊರಗೆ ಕಾಲಿಟ್ಟ ಕ್ಷಣದಲ್ಲಿ, ಮನುಷ್ಯನು ಮೊದಲ ಬಾರಿಗೆ ಅನ್ಯನಾಗುತ್ತಾನೆ.

ಆ ಬಾಗಿಲಲ್ಲಿ ಯಾರು ಮೊದಲು ನಿಂತಿರುತ್ತಾರೋ ಅವರೇ ಬಂದವನನ್ನು ಆಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಅಲ್ಲಿ ಮೊದಲು ನಿಲ್ಲಬೇಕಾದುದು ಆ ಊರಿನ ಸರಕಾರವೇ ಹೊರತು ಬೇರೆ ಯಾರೂ ಅಲ್ಲ. ಈ ಮಾತಿಗೆ ನನ್ನ ಬಳಿ ಎರಡು ಬಾಗಿಲುಗಳ ಸಾಕ್ಷಿಯಿದೆ. ಒಂದು, ನಾನು ಇಳಿದ ಬ್ಯಾಂಕಾಕಿನ ಬಾಗಿಲು. ಇನ್ನೊಂದು, ನಮ್ಮ ಹಿರೇಕೊಟ್ನೆಕಲ್ಲಿನವರು ವರುಷ ವರುಷವೂ ಇಳಿಯುವ ಬೆಂಗಳೂರಿನ ಬಾಗಿಲು.

ನಾನು ಬ್ಯಾಂಕಾಕಿಗೆ ಹೋದದ್ದು 2018ರಲ್ಲಿ, ಇತಿಹಾಸದ ಒಂದು ಚಿಕ್ಕ ಗೋಷ್ಠಿಗೆ. ಹಿರೇಕೊಟ್ನೆಕಲ್ಲಿನಿಂದ ಮಾನ್ವಿ, ಮಾನ್ವಿಯಿಂದ ರಾಯಚೂರು, ರಾಯಚೂರಿನಿಂದ ಮಹಬೂಬನಗರ, ಜಡಚರ್ಲಾ ಮಾರ್ಗವಾಗಿ ಶಂಶಾಬಾದು. 1956ರ ನವೆಂಬರಿನವರೆಗೆ ನಮ್ಮ ಜಿಲ್ಲೆ ಹೈದರಾಬಾದು ರಾಜ್ಯದಲ್ಲಿದ್ದುದರಿಂದ ನಮ್ಮ ಹಿರಿಯರಿಗೆ ಈ ದಾರಿ ರಾಜಧಾನಿಯ ದಾರಿಯೇ ಆಗಿದ್ದಿತು. 2008ರಲ್ಲಿ ವಿಮಾನ ನಿಲ್ದಾಣವು ಬೇಗಂಪೇಟೆಯಿಂದ ಶಂಶಾಬಾದಿಗೆ ಬಂದಮೇಲೆ ರಾಯಚೂರಿನ ಕಡೆಯವರಿಗೆ ಒಂದು ಅನುಕೂಲವಾಯಿತು. ಪಟ್ಟಣ ಸಿಗುವ ಮೊದಲೇ ವಿಮಾನ ಸಿಗುತ್ತದೆ. ಇಷ್ಟು ದೂರವೂ ನನಗೆ ಕಷ್ಟವೆನಿಸಲಿಲ್ಲ. ಎಲ್ಲಿ ಇಳಿದರೂ ಯಾರಾದರೊಬ್ಬರು "ಯಾ ಊರ್ರೀ ನಿಮ್ದು?" ಎಂದು ಕೇಳಿ, ಕೇಳದಿದ್ದರೂ ದಾರಿ ಹೇಳಿ ಕಳಿಸುತ್ತಿದ್ದರು. ಕೇಳುತ್ತ ಹೋಗುವುದು ನಮ್ಮ ಸೀಮೆಯ ಪ್ರವಾಸಕ್ರಮ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ.

ಬ್ಯಾಂಕಾಕಿನ ನಿಲ್ದಾಣದ ಹೆಸರು ಸುವರ್ಣಭೂಮಿ. 2006ರಲ್ಲಿ ತೆರೆದದ್ದು. ಹೆಸರನ್ನು ಓದಿದೊಡನೆ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಅಶೋಕನ ಕಾಲದಲ್ಲಿ ಸೋಣ, ಉತ್ತರ ಎಂಬಿಬ್ಬರು ಭಿಕ್ಷುಗಳು ಧರ್ಮವನ್ನು ಹೇಳಲು ಸುವರ್ಣಭೂಮಿಗೆ ಹೋದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಆ ಅಶೋಕನ ಹೆಸರು ಅವನದೇ ಶಾಸನದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ, 1915ರಲ್ಲಿ. ಅದನ್ನು ಕಂಡವನು ಚಿನ್ನದ ಗಣಿಯ ಎಂಜಿನಿಯರು ಬೀಡನ್. ಮಸ್ಕಿಯಿಂದ ದೂರವಿಲ್ಲದ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಆ ಲೆಕ್ಕದಲ್ಲಿ ನಾನು ಒಂದು ಸುವರ್ಣಭೂಮಿಯಿಂದ ಇನ್ನೊಂದಕ್ಕೆ ಹೋದವನು. ಗೋಡೆಯ ಮೇಲಿನ ಥಾಯಿ ಅಕ್ಷರಗಳೂ ಪಲ್ಲವರ ಲಿಪಿಯ ಮೂಲಕ ಮಸ್ಕಿಯ ಬ್ರಾಹ್ಮಿಯ ವಂಶಕ್ಕೇ ಸೇರಿದವು; ಕನ್ನಡಕ್ಕೆ ದಾಯಾದಿಗಳು. ಇಷ್ಟೆಲ್ಲ ಪಾಂಡಿತ್ಯವನ್ನು ತಲೆಯಲ್ಲಿ ಹೊತ್ತುಕೊಂಡು, ಆ ದಾಯಾದಿ ಅಕ್ಷರಗಳಲ್ಲಿ ಒಂದನ್ನೂ ಓದಲಾರದೆ, ನಸುಕಿನ ಆರು ಗಂಟೆಗೆ ನಾನು ಹೊರಬಾಗಿಲಿಗೆ ಬಂದೆ.

ಬಾಗಿಲಲ್ಲಿ ಬಿಳಿಯ ಅಂಗಿ ತೊಟ್ಟ ಒಬ್ಬ ಮನುಷ್ಯನು ನಿಂತಿದ್ದನು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ದರಗಳ ಹಲಗೆ, ಮುಖದಲ್ಲಿ ಮದುವೆಮನೆಯ ಹಿರಿಯನ ಸೌಜನ್ಯ. ನನ್ನ ಹೋಟೆಲಿನ ಹೆಸರನ್ನು ತೋರಿಸಿದೆ. ಸಾವಿರದ ಇನ್ನೂರು ಬಾತ್ ಎಂದನು. ಆಗ ಒಂದು ಬಾತಿಗೆ ನಮ್ಮ ಎರಡು ರೂಪಾಯಿಗಿಂತ ತುಸು ಹೆಚ್ಚು. ಇದು ಜಾಸ್ತಿಯೆಂದು ನನ್ನ ಮನಸ್ಸು ಹೇಳಿತು. ಆದರೆ ಮಾನ್ವಿಯ ಸಂತೆಯಲ್ಲಿ ಬದನೆಕಾಯಿಗೆ ಎರಡು ರೂಪಾಯಿ ಇಳಿಸಲು ಅರ್ಧ ತಾಸು ವಾದಿಸುವ ನಾನು ಅಲ್ಲಿ ತುಟಿ ಬಿಚ್ಚಲಿಲ್ಲ. ಕಾರಣ ಹೆದರಿಕೆಯಲ್ಲ, ನಾಚಿಕೆ. ಹಳ್ಳಿಯವನೆಂದು ಕಂಡುಬಿಟ್ಟೇನೆಂಬ ನಾಚಿಕೆ. ಈ ನಾಚಿಕೆಯ ಬೆಲೆ ಎಷ್ಟೆಂಬುದು ಬಾಗಿಲಲ್ಲಿ ನಿಲ್ಲುವವರಿಗೆಲ್ಲ ಚೆನ್ನಾಗಿ ಗೊತ್ತು.

ಅವನು ನನಗೆ ಮೋಸ ಮಾಡಿದನೆಂದು ನಾನು ಹೇಳಲಾರೆ. ಒಳ್ಳೆಯ ಕಾರು, ಸುಖವಾಗಿ ತಲುಪಿಸಿದರು. ಆದರೆ ನಾಲ್ಕು ದಿನಗಳ ಮೇಲೆ ಹಿಂದಿರುಗುವಾಗ ನನ್ನ ಕಣ್ಣು ತೆರೆಯಿತು. ಹೋಟೆಲಿನ ಹುಡುಗನೊಬ್ಬನು ನನ್ನನ್ನು ಫಯಾ ಥಾಯಿ ಎಂಬ ರೈಲು ನಿಲ್ದಾಣಕ್ಕೆ ಕಳಿಸಿದನು. ಅಲ್ಲಿಂದ ವಿಮಾನ ನಿಲ್ದಾಣದ ನೆಲಮಾಳಿಗೆಗೆ ನೇರವಾದ ರೈಲು. ಎಂಟು ನಿಲ್ದಾಣ, ಅರ್ಧ ಗಂಟೆಗಿಂತ ಕಡಿಮೆ ಹೊತ್ತು, ಟಿಕೇಟು 45 ಬಾತ್. ನಾನು ಬಂದ ದಿನವೂ ಅದು ನನ್ನ ಕಾಲ ಕೆಳಗೇ ಓಡುತ್ತಿದ್ದಿತು! ಇನ್ನೂ ಹೊತ್ತಿದ್ದುದರಿಂದ ನಿಲ್ದಾಣವನ್ನೆಲ್ಲ ಅಲೆದು ನೋಡಿದೆ. ಬಂದವರು ಹೊರಬೀಳುವುದು ಎರಡನೆಯ ಅಂತಸ್ತಿನಲ್ಲಿ. ಅಲ್ಲಿಂದ ಒಂದಂತಸ್ತು ಕೆಳಗಿಳಿದರೆ ಬಾಡಿಗೆ ಕಾರುಗಳ ಸಾಲು. ಗುಂಡಿಯೊತ್ತಿದರೆ ಯಂತ್ರವೊಂದು ಸಂಖ್ಯೆಯುಳ್ಳ ಚೀಟಿಯನ್ನು ಕೊಡುತ್ತದೆ. ಆ ಸಂಖ್ಯೆಯ ಕಟ್ಟೆಯಲ್ಲಿ ನಿಂತ ಕಾರು ನಮ್ಮದು. ಚೌಕಾಸಿಯಿಲ್ಲ, ಮುಖ ನೋಡಿ ಮಣೆಯಿಲ್ಲ. ಮೀಟರು 35 ಬಾತಿನಿಂದ ಆರಂಭ, ನಿಲ್ದಾಣದ ಸುಂಕ 50, ಮೇಲುರಸ್ತೆಯ ಸುಂಕ ಬೇರೆ. ನಾನು ತೆತ್ತುದರ ಮೂರನೆಯ ಒಂದು ಪಾಲಿಗೆ ಎಲ್ಲವೂ ಮುಗಿಯುತ್ತಿತ್ತು. ರೈಲಿಗೆ ಇಳಿಯುವ ನೆಲಮಾಳಿಗೆಯಲ್ಲಿ ಹಣ ಬದಲಿಸುವ ಅಂಗಡಿಗಳಿದ್ದವು. ಅವು ಮೇಲಿನ ಅಂತಸ್ತಿನವಕ್ಕಿಂತ ನಮ್ಮ ನೋಟಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದವು. ಕೆಳಕೆಳಗೆ ಇಳಿದಷ್ಟೂ ನ್ಯಾಯ ಹೆಚ್ಚುವ ಕಟ್ಟಡ ಅದು. ಸರಕಾರವು ತನ್ನ ಕರ್ತವ್ಯವನ್ನು ಮಾಡಿದ್ದಿತು, ಆದರೆ ಒಂದಂತಸ್ತು ಕೆಳಗೆ ನಿಂತಿದ್ದಿತು. ಬಾಗಿಲಲ್ಲಿ ಬಿಳಿಯ ಅಂಗಿಯವನನ್ನು ನಿಲ್ಲಗೊಟ್ಟಿದ್ದಿತು. ನನ್ನ ಸೋಲಿನ ಅರ್ಧ ಕಾರಣ ಇದು. ಉಳಿದರ್ಧ, ಹೊರಡುವ ಮೊದಲು ತಿಳಿದುಕೊಳ್ಳದ ನನ್ನ ಸೋಮಾರಿತನ. ಹೋಟೆಲಿನ ವಿಳಾಸವನ್ನು ಥಾಯಿ ಅಕ್ಷರಗಳಲ್ಲಿ ಬರೆಸಿಕೊಂಡು ಹೋಗುವಷ್ಟು ಬುದ್ಧಿಯೂ ನನಗಿರಲಿಲ್ಲ. ಮುಂದೆ ಹೋಗಲಿರುವ ವಿದ್ಯಾರ್ಥಿ ಮಿತ್ರರು ಅಷ್ಟನ್ನಾದರೂ ಮಾಡಿಯಾರು.

ಬಂದವನನ್ನು ನೋಡಿಕೊಳ್ಳುವುದು ರಾಜ್ಯದ ಕೆಲಸವೆಂಬುದು ಹೊಸ ಮಾತೇನೂ ಅಲ್ಲ. ಮಸ್ಕಿಯ ಶಾಸನದಲ್ಲಿ ಇದರ ಪ್ರಸ್ತಾಪವಿಲ್ಲ. ಆದರೆ ಇಂದು ದಿಲ್ಲಿಯಲ್ಲಿರುವ ಸ್ತಂಭದ ಶಾಸನದಲ್ಲಿ ಅದೇ ಅಶೋಕನು ತಾನು ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ತಂಗುದಾಣಗಳನ್ನು ಕಟ್ಟಿಸಿದ್ದನ್ನೂ ಎಣಿಸಿ ಹೇಳಿಕೊಂಡಿದ್ದಾನೆ. 1443ರಲ್ಲಿ ಪಾರಸಿಕ ದೇಶದ ದೂತ ಅಬ್ದುರ್ ರಜಾಕನು ವಿಜಯನಗರಕ್ಕೆ ಬಂದಾಗ ಅವನ ಬಿಡಾರಕ್ಕೆ ಎತ್ತರವಾದ ಮನೆಯೊಂದನ್ನು ಕೊಟ್ಟು, ದಿನದ ಅಕ್ಕಿ, ತುಪ್ಪ, ಸಕ್ಕರೆ, ಕುರಿಗಳನ್ನೂ ಕಳಿಸಿಕೊಟ್ಟರೆಂದು ಅವನೇ ಬರೆದಿಟ್ಟಿದ್ದಾನೆ. ಅವನು ರಾಯಭಾರಿ, ಅವನ ಮಾತು ಬೇರೆ ಎನ್ನಬಹುದು. ಸರಿಯೇ. ಅದಕ್ಕಾಗಿಯೇ ನನಗೆ ದೇವರಾಯನ ಔತಣಕ್ಕಿಂತ ಅಶೋಕನ ಬಾವಿ ದೊಡ್ಡದಾಗಿ ಕಾಣುತ್ತದೆ. ಬಾವಿಯ ನೀರು ಕುಡಿಯಲು ಬಂದವನ ಗುರುತುಪತ್ರವನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಎರಡನೆಯ ಬಾಗಿಲಿಗೆ, ನಮ್ಮ ಬೆಂಗಳೂರಿಗೆ ಬರೋಣ. ವಿಮಾನದಿಂದಿಳಿಯುವವರ ಬಗ್ಗೆ ಅದು ತೀರ ನಿರ್ದಯವಾಗಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಪಟ್ಟಣವು ಮೂವತ್ತೈದು ಕಿಲೋಮೀಟರಿನಷ್ಟು ದೂರ ಉಳಿಯಿತು. ಆದರೆ ವಾಯುವಜ್ರವೆಂಬ ನಗರ ಸಾರಿಗೆಯ ಬಸ್ಸುಗಳು ಬಾಗಿಲ ಬಳಿಯೇ ನಿಲ್ಲತೊಡಗಿದವು. ಗೊತ್ತಾದ ದರ, ಕನ್ನಡ ಮಾತನಾಡುವ ಕಂಡಕ್ಟರು, ಮೆಜೆಸ್ಟಿಕ್ಕಿನವರೆಗೆ ನೇರ ದಾರಿ. ಸರಕಾರವೇ ಬಾಗಿಲಲ್ಲಿ ನಿಂತಂತೆ ಅದು. ರೈಲಿನ ವಿಷಯದಲ್ಲಿ ಮಾತ್ರ ನಾವು ಹಿಂದೆ ಬಿದ್ದೆವು. ಬ್ಯಾಂಕಾಕಿನವರು ನಿಲ್ದಾಣ ತೆರೆದ ನಾಲ್ಕು ವರುಷಕ್ಕೆ, 2010ರಲ್ಲಿ, ರೈಲು ಓಡಿಸಿದರು. ದೇವನಹಳ್ಳಿಯ ಮೆಟ್ರೊ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಬಂದುದೇ 2021ರಲ್ಲಿ. ಅದೇ ವರುಷದ ಜನವರಿಯಲ್ಲಿ ಹಳೆಯ ರೈಲುದಾರಿಯ ಮೇಲೊಂದು ಪುಟ್ಟ ನಿಲ್ದಾಣವನ್ನು ಕಟ್ಟಿ ಮುಖವುಳಿಸಿಕೊಂಡೆವೆನ್ನಬೇಕು. ಮರುವರುಷ, 2022ರಲ್ಲಿ, ಕೆಂಪೇಗೌಡರ 108 ಅಡಿಯ ಪ್ರತಿಮೆಯೂ ಅಲ್ಲಿ ಎದ್ದು ನಿಂತಿತು. ಊರು ಕಟ್ಟಿದವರನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಸರಿ. ದಾರಿ ತೋರುವವರನ್ನೂ ಇನ್ನಷ್ಟು ಮಂದಿಯನ್ನು ನಿಲ್ಲಿಸಬಹುದಾಗಿತ್ತು.

ಆದರೆ ನಮ್ಮ ಮಾನ್ವಿ, ದೇವದುರ್ಗದ ಕಡೆಯವರು ಬೆಂಗಳೂರಿಗೆ ಇಳಿಯುವುದು ದೇವನಹಳ್ಳಿಯಲ್ಲಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯಂಚಿಗೆ ನೀರು ಬಾರದ ವರುಷ, ಮಳೆ ಕೈಕೊಟ್ಟ ವರುಷ, ನಮ್ಮಲ್ಲಿ ಗುಳೆ ಹೊರಡುತ್ತಾರೆ. ಜೋಳದ ಹಿಟ್ಟು, ಖಾರಪುಡಿ, ಹಂಚು, ಕೂಸು, ಎಲ್ಲವನ್ನೂ ಗಂಟು ಕಟ್ಟಿಕೊಂಡು ರಾತ್ರಿಯ ಬಸ್ಸು ಹತ್ತಿ ನಸುಕಿಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ನಾನು ಸುವರ್ಣಭೂಮಿಯಲ್ಲಿ ಇಳಿದ ಹೊತ್ತೇ ಅದು. ಅವರ ಭಾಷೆ ಆ ಊರಿನ ಭಾಷೆಯೇ. ಆದರೂ ಅವರು ಮಾತನಾಡಿದರೆ ಜನ ತಿರುಗಿ ನೋಡುತ್ತಾರೆ. ನನಗಿದ್ದ ನಾಚಿಕೆ ಅವರಿಗೂ ಇದೆ, ಆದರೆ ಅದಕ್ಕೆ ತೆರಲು ಸಾವಿರದ ಇನ್ನೂರು ಬಾತ್ ಇಲ್ಲ.

ಬಂದಿಳಿಯುವವರಲ್ಲಿ ಮೂರು ವರ್ಗಗಳುಂಟು. ಹಣವಂತನಿಗೆ ಹೆಸರು ಬರೆದ ಹಲಗೆಯನ್ನು ಹಿಡಿದು ಕಾರಿನವನು ಕಾದಿರುತ್ತಾನೆ. ನಡುವಿನವರಾದ ನಾವು ಬಿಳಿಯ ಅಂಗಿಯವನ ಪಾಲು. ಕೂಲಿಯವನಿಗೂ ಒಬ್ಬನು ಕಾದಿರುತ್ತಾನೆ, ಅವನು ಮೇಸ್ತ್ರಿ. ಮೇಸ್ತ್ರಿಗೆ ಹಲಗೆ ಬೇಕಿಲ್ಲ, ಅವನು ಮುಂಗಡ ಕೊಟ್ಟಿರುತ್ತಾನೆ. ವ್ಯಾನಿಗೆ ಹತ್ತಿಸಿ, ಕಟ್ಟುತ್ತಿರುವ ಯಾವುದೋ ಮಹಡಿಮನೆಯ ಮಗ್ಗುಲಲ್ಲಿ ತಗಡಿನ ಗುಡಿಸಲು ತೋರಿಸಿ ಇಳಿಸುತ್ತಾನೆ. ಮುಂಗಡ ತೀರುವವರೆಗೆ ಆ ಗುಡಿಸಲು, ಆ ಬಡಾವಣೆಯ ಹೆಸರು, ಕೂಲಿಯ ಲೆಕ್ಕ ಎಲ್ಲವೂ ಅವನ ಬಾಯಲ್ಲಿ. ಒಳ್ಳೆಯ ಮೇಸ್ತ್ರಿಗಳಿಲ್ಲವೆಂದಲ್ಲ. ನನ್ನ ಬಿಳಿಯ ಅಂಗಿಯವನೂ ಒಳ್ಳೆಯವನೇ ಆಗಿದ್ದನು. ಆದರೆ ಬಂದವನ ಗತಿಯು ಬಾಗಿಲಲ್ಲಿ ನಿಂತವನ ಒಳ್ಳೆಯತನವನ್ನು ನೆಚ್ಚಿಕೊಂಡಿರಬಾರದು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಸಂಸತ್ತು ಕಾನೂನೊಂದನ್ನು ಮಾಡಿತು. ಕರೆದೊಯ್ಯುವ ಗುತ್ತಿಗೆದಾರನು ಪ್ರಯಾಣದ ಭತ್ಯೆಯನ್ನು ಕೊಡಬೇಕು, ವಸತಿ ಒದಗಿಸಬೇಕು ಎಂದೆಲ್ಲ ಅದರಲ್ಲಿ ಬರೆದರು. ಆದರೆ ಅದು ರಾಜ್ಯದ ಗಡಿಯನ್ನು ದಾಟಿದವರಿಗೆ ಮಾತ್ರವಾಗಿದ್ದಿತು. ಎಂದರೆ ಮಾನ್ವಿಯಿಂದ ಹೈದರಾಬಾದಿಗೆ ಹೋದವನು ಆ ಕಾನೂನಿನ ಕಣ್ಣಿಗೆ ಪರಸ್ಥಳದವನಾಗಿದ್ದನು. ಅದಕ್ಕಿಂತ ಎಷ್ಟೋ ದೂರದ ಬೆಂಗಳೂರಿಗೆ ಹೋದವನು ಮನೆಯಲ್ಲೇ ಇದ್ದವನು! ತನ್ನ ನಾಡಿನೊಳಗೆ ಅನ್ಯನಾದವನ ಲೆಕ್ಕವನ್ನು ಯಾವ ಕಡತದಲ್ಲಿ ಬರೆಯಬೇಕೆಂಬುದು ಆ ಕಾನೂನು ಬರೆದವರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ.

ಬೇಕಾದುದು ಬಹಳವೇನಲ್ಲ. ಸುವರ್ಣಭೂಮಿಯ ಕೆಳಗಂತಸ್ತಿನ ಆ ಚೀಟಿಯ ಯಂತ್ರದಂಥದೇ ಒಂದು ಏರ್ಪಾಟು, ಮೆಜೆಸ್ಟಿಕ್ಕಿನಲ್ಲಿ, ಬಸ್ಸಿನ ಮೆಟ್ಟಿಲ ಎದುರಿಗೇ. ನಸುಕಿನ ನಾಲ್ಕಕ್ಕೆ ಒಂದು ಮೇಜು, ನಮ್ಮ ಕಡೆಯ ಮಾತು ಬಲ್ಲ ಒಬ್ಬ ಗುಮಾಸ್ತ, ಎಲ್ಲಿಗೆ ಹೋಗುತ್ತಾರೆ, ಯಾರ ಸಂಗಡ, ದಿನದ ಕೂಲಿ ಎಷ್ಟು ಎಂಬುದನ್ನು ಬರೆದ ಒಂದು ಚೀಟಿ. ಅದರ ಒಂದು ತುಂಡು ಮೇಸ್ತ್ರಿಗೆ, ಒಂದು ತುಂಡು ಅವರಿಗೆ. ಬೆಳಗಾಗುವವರೆಗೆ ಕೂಸನ್ನು ಮಲಗಿಸಲು ಒಂದು ಕೋಣೆ. ಮಹಾನಗರಕ್ಕೆ ಇದು ಭಾರವೆಂದು ನನಗೆ ತೋರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನಮ್ಮ ಓಣಿಯ ಒಂದು ಮನೆಯವರು ಗಂಟು ಕಟ್ಟುತ್ತಿದ್ದರು. ಬ್ಯಾಂಕಾಕಿನಿಂದ ಬಂದ ಮೇಲೆ ಯಾರು ಎಲ್ಲಿಗೆ ಹೊರಟರೂ ವಿಳಾಸ ಕೇಳುವ ಚಟ ನನಗೆ ಅಂಟಿಕೊಂಡಿದೆ. ಹಂಚನ್ನು ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದ ಆ ಮನೆಯ ಹೆಣ್ಣುಮಗಳನ್ನು, "ಬೆಂಗಳೂರಾಗ ಯಾ ಕಡೀಗೆ ಇಳೀತೀರವ್ವಾ?" ಎಂದು ಕೇಳಿದೆ. ಅವಳು ತಲೆ ಎತ್ತದೆಯೇ ಹೇಳಿದಳು: "ಯಾರಿಗೆ ಗೊತ್ರೀ ಸರ, ಮೇಸ್ತ್ರಿ ಹೇಳಿದಲ್ಲಿ."